ದನ ಮೂಸದ ಹಿಂಡಿಯಲ್ಲಿ ಇಂಧನದ ಕೀಲಿ!

ಭಟ್ಕಳದಿಂದ ಹೊನ್ನಾವರ ದಾಟಿ ಕುಮಟೆಯತನಕ ಕಡಲದಂಡೆ, ಹೊಳೆಬದಿ ಎಂದು ನೋಡುತ್ತಾ ಹೋದರೆ ಸುರಹೊನ್ನೆ ಕಣ್ಣಿಗೆ ಬೀಳುತ್ತದೆ. ಮೋಪಿನ ಹೊನ್ನೆಯಲ್ಲ ಇದು. ದಪ್ಪ ಹೊಳಪೆಲೆಯ, ಘಮಘಮಿಸುವ ಬಿಳಿ ಹೂವಿನ ಮರ. ಕೆಳಗೆ ಬಿದ್ದ ದುಂಡು ಕಾಯಿಯೊಂದನ್ನು ಜಜ್ಜಿ ನೋಡಿ. ಒಳಗೆ ಮಾಸಲು ಹಳದಿ ತಿರುಳು, ಎಣ್ಣೆಯ ಸುಳಿವೇ ಇಲ್ಲ. ಅದೇ ತಿರುಳು ವಾರಗಟ್ಟಲೆ ಬಿಸಿಲುಂಡರೆ ಕಂದಾಗಿ, ಮುಟ್ಟಿದ ಬೆರಳಿಗೆ ಜಿಡ್ಡು ಹತ್ತಿಸುತ್ತದೆ! ಒಣಗಿದ ತಿರುಳಿನ ತೂಕದಲ್ಲಿ ಅರ್ಧಕ್ಕೂ ಮಿಕ್ಕಿ ಎಣ್ಣೆಯೇ. ಹಸಿರುಗಪ್ಪು ಬಣ್ಣ, ಮಂದ, ಘಾಟು. ಸೀಮೆಎಣ್ಣೆ ಬರುವ ಮೊದಲು ಕರಾವಳಿಯಲ್ಲಿ ದೀಪಕ್ಕೆ ಒದಗುತ್ತಿದ್ದ ಎಣ್ಣೆ.

ದೀಪ ಉರಿಸಿದ್ದು ದೋಣಿಯ ಎಂಜಿನ್ನನ್ನೂ ಓಡಿಸಬಾರದೇಕೆ? ಸಾಮಾನ್ಯ ಎಣ್ಣೆಯಾದರೆ ಮೆಥನಾಲ್ ಬೆರೆಸಿ, ಚೂರು ಕಾಸ್ಟಿಕ್ ಸೋಡಾ ಹಾಕಿ ಬಿಸಿ ಮಾಡಿದರೆ ಬಯೋಡೀಸೆಲ್ ಸಿದ್ಧ. ಸುರಹೊನ್ನೆ ಅಷ್ಟು ಸುಲಭಕ್ಕೆ ಬಗ್ಗುವುದಿಲ್ಲ. ಅದರ ಅಂಟನ್ನು ಮೊದಲೇ ತೆಗೆಯಬೇಕು. ಮೇಲಾಗಿ ಅದರಲ್ಲಿ ಬಿಡಿ ಮೇದಾಮ್ಲಗಳು ಶೇ. 20ರ ಆಸುಪಾಸಿನಲ್ಲಿರಬಹುದು, ಶೇ. 2 ದಾಟಿದರೇ ತೊಂದರೆ. ಸೋಡಾ ಬಿದ್ದ ಕೂಡಲೇ ಪಾತ್ರೆ ತುಂಬಾ ಸಾಬೂನು! ಗಂಧಕಾಮ್ಲ ಸುರಿದರೆ ಕೆಲಸವೇನೋ ಆಗುತ್ತದೆ, ಆದರೆ ಅದು ಪಾತ್ರೆಯನ್ನೇ ತಿನ್ನುತ್ತದೆ, ಎಣ್ಣೆಯೊಳಗೇ ಬೆರೆತು ಕೂರುತ್ತದೆ, ತೊಳೆದಷ್ಟೂ ಕೊಳೆನೀರು.

ಆಮ್ಲವೇ ಗಟ್ಟಿ ಪುಡಿಯಾಗಿ ಸಿಕ್ಕಿಬಿಟ್ಟರೆ?

ಸಿಕ್ಕಿದೆ! 2005ರಲ್ಲಿ ಟೋಕಿಯೋ ತಾಂತ್ರಿಕ ಸಂಸ್ಥೆಯವರು 'ನೇಚರ್' ಪತ್ರಿಕೆಯಲ್ಲಿ ಹೇಳಿದ್ದು ಇದನ್ನೇ: ಸಕ್ಕರೆಯನ್ನು ಅರೆಬರೆ ಇದ್ದಿಲು ಮಾಡಿ, ಗಂಧಕಾಮ್ಲದಲ್ಲಿ ಕಾಯಿಸಿದರೆ ಆ ಕಪ್ಪು ಪುಡಿಯೇ ಬಯೋಡೀಸೆಲ್ ತಯಾರಿಸುವ ಆಮ್ಲ. ಇನ್ನೂ ಬೆರಗಿನ ಸಂಗತಿ 2014ರದ್ದು. ಸಂಶೋಧಕರು ಸಕ್ಕರೆಯ ಬದಲು ಸುರಹೊನ್ನೆಯ ಹಿಂಡಿಯನ್ನೇ ಇದ್ದಿಲಾಗಿಸಿದರು! ಎಣ್ಣೆ ಹಿಂಡಿ ಉಳಿದ, ದನವೂ ಮೂಸದ ಆ ಚರಟ ತನ್ನದೇ ಮರದ ಎಣ್ಣೆಯನ್ನು ಇಂಧನವಾಗಿ ಬದಲಿಸಿತು!

ಆ ಪುಡಿಯ ಒಂದು ಕಣದ ಹತ್ತಿರ ಹೋಗಿ ನೋಡೋಣ. ಇದ್ದಿಲಿನ ಮೈಗೆ ಸಲ್ಫೋನಿಕ್ ಗುಂಪುಗಳು ಗಟ್ಟಿಯಾಗಿ ಬೆಸೆದುಕೊಂಡಿವೆ, ಒಂದೊಂದರ ತುದಿಗೂ ಒಂದು ಪ್ರೋಟಾನ್. ಮೇದಾಮ್ಲದ ಅಣು ಬಂದು ತಾಗುತ್ತದೆ. ಪ್ರೋಟಾನ್ ಅದರ ಆಕ್ಸಿಜನ್ನಿಗೆ ದಾಟುತ್ತದೆ. ಸಡಿಲಗೊಂಡ ಆ ಜಾಗಕ್ಕೆ ಮೆಥನಾಲ್ ನುಗ್ಗುತ್ತದೆ. ನೀರಿನ ಅಣುವೊಂದು ಕಳಚಿ ಬೀಳುತ್ತದೆ. ಉಳಿದದ್ದು ಎಸ್ಟರ್, ಅಂದರೆ ಬಯೋಡೀಸೆಲ್. ಪ್ರೋಟಾನೋ, ಮತ್ತೆ ಇದ್ದಿಲಿಗೇ ವಾಪಸ್, ಮುಂದಿನ ಅಣುವಿಗೆ ತಯಾರು! ಕೆಲಸ ಮುಗಿದ ಮೇಲೆ ಪುಡಿಯನ್ನು ಸೋಸಿಕೊಂಡು ಮತ್ತೆ ಬಳಸಬಹುದು.

ತೊಡಕು ಇಲ್ಲದಿಲ್ಲ. ಕಳಚಿದ ನೀರು ಕ್ರಿಯೆಯನ್ನು ಹಿಂದಕ್ಕೆ ತಳ್ಳುತ್ತದೆ, ಬಳಸಿದಂತೆಲ್ಲ ಸಲ್ಫೋನಿಕ್ ಗುಂಪುಗಳು ಉದುರಿ ಪುಡಿಯ ಕಸುವು ಕುಂದುತ್ತದೆ. ಆದರೂ ಹಾಸನದ ಮಡೆನೂರಿನಲ್ಲಿ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಜೈವಿಕ ಇಂಧನ ಉದ್ಯಾನ ಹೊಂಗೆ, ಹಿಪ್ಪೆ, ಬೇವುಗಳಿಗಾಗಿ ದುಡಿದ ನಾಡು ಇದು. ಸುರಹೊನ್ನೆಗೂ ಅಂಥದೊಂದು ಪ್ರಯೋಗ ಡೀಸೆಲ್ ದೋಣಿಗಳು ಸಾಲುಗಟ್ಟಿ ನಿಲ್ಲುವ ಹೊನ್ನಾವರ, ತದಡಿಗಳ ಬಂದರಿನಲ್ಲೇ ಆಗಬೇಕು. ಇದ್ದಿಲಿಗೆ ಹಿಂಡಿ ಸಾಲದಿದ್ದರೆ ತೆಂಗಿನ ಕರಟವಿದೆ. ಅದರಿಂದಲೂ ಈ ಆಮ್ಲದ ಪುಡಿ ಆಗುತ್ತದೆ!