ಬ್ಯಾಡಗಿ ಪೇಟೆ, ತೂಕದ ಚುಕ್ಕೆ



ಬ್ಯಾಡಗಿ ಅಂದರೆ ಮೆಣಸಿನಕಾಯಿ. ಹಾವೇರಿ ಜಿಲ್ಲೆಯ ಈ ಊರಿನ ಹೆಸರು ಎಷ್ಟೋ ದೂರದ ಅಡಿಗೆಮನೆಗೂ ಗೊತ್ತು. ಈ ಕಾಯಿಗೆ ಕೆಂಪು ಜಾಸ್ತಿ, ಖಾರ ಕಡಿಮೆ. ಒಣಗಿದ ಮೇಲೆ ಮೈಯೆಲ್ಲ ಸುಕ್ಕು. ಇದರಲ್ಲಿ ಡಬ್ಬಿ, ಕಡ್ಡಿ ಅಂತ ಎರಡು ಜಾತಿ. ಡಬ್ಬಿ ಗಿಡ್ಡ, ದಪ್ಪ. ಕಡ್ಡಿ ಉದ್ದ, ಸಣ್ಣ. ಕಾಯಿಯಿಂದ ಬಣ್ಣ ತೆಗೆಯುವ ಕಾರ್ಖಾನೆಗಳೂ ಇವೆ. ತುಟಿಗೆ ಹಚ್ಚುವ ಬಣ್ಣಕ್ಕೂ ಅದು ಹೋಗುತ್ತದೆ! 2011ರಲ್ಲಿ ಈ ಕಾಯಿಗೆ ಭೌಗೋಳಿಕ ಗುರುತು ಸಿಕ್ಕಿತು. ಅಂದರೆ ಬೇರೆ ಕಾಯಿಯನ್ನು ಬ್ಯಾಡಗಿ ಹೆಸರಿನಲ್ಲಿ ಮಾರುವಂತಿಲ್ಲ.

ಸೋಮವಾರ, ಗುರುವಾರ ಇಲ್ಲಿ ಪೇಟೆಯ ದಿನ. ಸುಗ್ಗಿಯಲ್ಲಿ ಒಂದೇ ದಿನಕ್ಕೆ ಲಕ್ಷಕ್ಕೂ ಹೆಚ್ಚು ಚೀಲ ಬರುವುದುಂಟು. ಬಳ್ಳಾರಿ, ರಾಯಚೂರು, ಆಂಧ್ರದಿಂದಲೂ ಲಾರಿಗಳು ಬರುತ್ತವೆ. ರೈತರು ದಲಾಲಿ ಅಂಗಡಿಯಲ್ಲಿ ಚೀಲ ಇಳಿಸುತ್ತಾರೆ. ವ್ಯಾಪಾರಿಗಳು ಕಾಯಿ ಮುಟ್ಟಿ ನೋಡಿ ದರ ಬರೆಯುತ್ತಾರೆ. ಇದಕ್ಕೆ ಟೆಂಡರ್ ಎನ್ನುತ್ತಾರೆ. ಹೆಚ್ಚು ದರ ಬರೆದವರಿಗೆ ಮಾಲು. ದರ ಹೇಳುವುದು ಕ್ವಿಂಟಲ್ ಲೆಕ್ಕದಲ್ಲಿ, ಅಂದರೆ 100 ಕಿಲೋಗೆ. ದರ ಬಿದ್ದರೆ ವರ್ಷದ ದುಡಿಮೆಯೇ ಬಿದ್ದಂತೆ. 2024ರ ಮಾರ್ಚ್ 11ರಂದು ಬೆಲೆ ಕುಸಿಯಿತೆಂದು ರೈತರು ಸಿಟ್ಟಿಗೆದ್ದರು. ಪೇಟೆಯ ಕಚೇರಿಗೆ ಕಲ್ಲು ಬಿತ್ತು, ವಾಹನಗಳು ಸುಟ್ಟವು. ಪತ್ರಿಕೆಗಳಲ್ಲೆಲ್ಲ ಈ ಸುದ್ದಿ ಬಂತು.

ಆದರೆ ಪತ್ರಿಕೆಗೆ ಬಾರದ ಒಂದು ಕೆಲಸ ಇಲ್ಲಿದೆ. ಅದು ತುಂಬು ಬಿಡಿಸುವ ಕೆಲಸ. ತುಂಬು ಅಂದರೆ ಕಾಯಿಯ ತೊಟ್ಟು. ಇದನ್ನು ಮಾಡುವವರು ಹೆಚ್ಚಾಗಿ ಹೆಂಗಸರೇ. ಕೂತು ಕೂತು ಸೊಂಟ ಹಿಡಿಯುತ್ತದೆ. ಘಾಟಿಗೆ ಕೆಮ್ಮು, ಕೈಗೆ ಉರಿ. ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ. ಬರೀ ನೀರಿಗೆ ಉರಿ ಹೋಗದು. ಕೈಗೆ ಎಣ್ಣೆ ಸವರಿ, ಆಮೇಲೆ ಸೋಪು ಹಚ್ಚಿ ತೊಳೆಯಿರಿ.

ಈ ಕೂಲಿ ತೂಕದ ಮೇಲೆ ಇದ್ದರೆ ತಕ್ಕಡಿಯ ಅಂಕಿ ಓದಲು ಬರಲೇಬೇಕು. ಈಗ ಕರೆಂಟಿನ ತಕ್ಕಡಿ. ಅದರಲ್ಲಿ 12.500 ಎಂದು ಬಂತು ಅನ್ನಿ. ಚುಕ್ಕೆಯ ಎಡಕ್ಕೆ ಇರುವುದು ಕಿಲೋ. ಬಲಕ್ಕೆ ಇರುವುದು ಗ್ರಾಂ. 500 ಗ್ರಾಂ ಅಂದರೆ ಅರ್ಧ ಕಿಲೋ. ಹಾಗಾಗಿ ಇದು ಹನ್ನೆರಡೂವರೆ ಕಿಲೋ. 12.050 ಎಂದಿದ್ದರೆ? ಆಗ ಬರೀ 50 ಗ್ರಾಂ. ಸೊನ್ನೆ ಎಲ್ಲಿದೆ ಎಂದು ನೋಡಿ.

ಲೆಕ್ಕಕ್ಕೆ ಕಿಲೋಗೆ 10 ರೂಪಾಯಿ ಎಂದು ಇಟ್ಟುಕೊಳ್ಳೋಣ. ಹನ್ನೆರಡೂವರೆ ಕಿಲೋಗೆ 125 ರೂಪಾಯಿ ಆಗುತ್ತದೆ. "ಹನ್ನೆರಡೇ ಬರಕೋ" ಅಂದರೆ 120. ಐದು ರೂಪಾಯಿ ಹೋಯಿತು. ದಿನಾ ಹೀಗೆ ಹೋದರೆ 60 ದಿನಕ್ಕೆ 300 ರೂಪಾಯಿ. ಇದು ಚಿಲ್ಲರೆ ಮಾತಲ್ಲ ಎಂದು ನಮಗನಿಸುತ್ತದೆ.

ಬುಟ್ಟಿಯ ತೂಕ ಕಳೆಯುವುದು ಸರಿಯೇ. ಆದರೆ ಎಷ್ಟು ಕಳೆಯಬೇಕು? ಅಂದಾಜಿಗೆ ಎರಡು ಕಿಲೋ ಅಂದರೆ ಒಪ್ಪಬೇಡಿ. "ಅಣ್ಣಾ, ಖಾಲಿ ಬುಟ್ಟಿ ಒಮ್ಮೆ ಇಡ್ರಿ, ನೋಡೋಣು" ಅನ್ನಿ. ಅಲ್ಲಿ 1.200 ಬಂದರೆ ಅಷ್ಟೇ ಕಳೆಯಲಿ. ಮೊದಲೇ ಖಾಲಿ ಬುಟ್ಟಿ ಇಟ್ಟು ತಕ್ಕಡಿಯನ್ನು ಸೊನ್ನೆಗೆ ತಂದಿದ್ದರೆ ಮತ್ತೆ ಕಳೆಯುವ ಮಾತೇ ಇಲ್ಲ. ದಿನದ ತೂಕವನ್ನು ನಿಮ್ಮದೇ ಒಂದು ನೋಟ್‌ಬುಕ್ಕಿನಲ್ಲಿ ತಾರೀಖು ಹಾಕಿ ಬರೆದಿಡಿ.

ಇಂಥ ತಕ್ಕಡಿಯನ್ನು ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸಿ ಮುದ್ರೆ ಹಾಕಿಸಬೇಕು. ಹಾಗೆಂದು ಕಾನೂನು ಹೇಳುತ್ತದೆ. ಪರೀಕ್ಷೆ ಆದ ಪತ್ರವನ್ನು ಎಲ್ಲರಿಗೂ ಕಾಣುವ ಹಾಗೆ ಇಡಬೇಕು. ಇದನ್ನು ನೋಡಿಕೊಳ್ಳುವುದು ಕಾನೂನು ಮಾಪನಶಾಸ್ತ್ರ ಇಲಾಖೆ. ಹೆಸರು ಉದ್ದ. ಜನ ತೂಕ ಮತ್ತು ಅಳತೆ ಇಲಾಖೆ ಎನ್ನುತ್ತಾರೆ. ತಕ್ಕಡಿಯ ಮೇಲೆ ಅನುಮಾನ ಬಂದರೆ ಅಲ್ಲಿಗೆ ದೂರು ಕೊಡಬಹುದು. ದೂರಿನಲ್ಲಿ ಅಂಗಡಿಯ ಹೆಸರು, ದಿನ, ತೂಕದಲ್ಲಿ ಏನು ವ್ಯತ್ಯಾಸ ಕಂಡಿತು ಎಂದು ಬರೆಯಿರಿ. ಕೆಳಗೆ ನಿಮ್ಮ ಸಹಿ ಹಾಕಿ. ಒಬ್ಬರೇ ಹೋಗಲು ಅಂಜಿಕೆಯಾದರೆ ಜೊತೆಗೆ ಕೆಲಸ ಮಾಡುವ ನಾಲ್ಕು ಜನರ ಸಹಿಯೂ ಇರಲಿ.