ಹಿರಿಯ ಹೆಂಗಸರ ಹೃದಯದ ಆರೋಗ್ಯ

ಅಡಿಕೆ ಸುಲಿಯುವ ಅಮ್ಮಂದಿರಿಗೆ ಬೇರೆ ವ್ಯಾಯಾಮವೇಕೆ ಎಂದು ನಾವು ಭಾವಿಸುತ್ತೇವೆ. ಆದರೆ ಮೆಟ್ಟುಗತ್ತಿಯ ಮುಂದೆ ಕುಳಿತಲ್ಲಿ ದಣಿಯುವುದು ಕೈ, ಸೊಂಟ. ಹೃದಯಕ್ಕೆ ಬೇಕಾದ ನಡಿಗೆ ಅಲ್ಲಿಲ್ಲ. ಮುಟ್ಟು ನಿಂತ ಬಳಿಕ ಸ್ತ್ರೀಯರಲ್ಲಿ ಹೃದ್ರೋಗದ ಸಂಭವ ಹೆಚ್ಚುತ್ತದೆ. ಆದುದರಿಂದ ಮೆಲ್ಲನೆ ಆರಂಭಿಸಿ, ದಿನಕ್ಕೆ ಅರ್ಧ ಗಂಟೆಯಂತೆ ವಾರದಲ್ಲಿ 5 ದಿನ, ಒಟ್ಟು 150 ನಿಮಿಷ ಬಿರುಸಾಗಿ ನಡೆಯುವುದು ಅವಶ್ಯ.

ನಿತ್ಯ ಹತ್ತುತ್ತಿದ್ದ ಕಾಫಿ ತೋಟದ ಏರಿನಲ್ಲಿ ಈಚೆಗೆ ಏದುಸಿರು ಬರುತ್ತಿದ್ದರೆ, ವಯಸ್ಸಾಯಿತೆಂದು ಸುಮ್ಮನಿರದೆ ವೈದ್ಯರಿಗೆ ತೋರಿಸಬೇಕು. ಹೆಂಗಸರಿಗೆ ಹೃದಯಾಘಾತವಾದಾಗ ತೀವ್ರ ಎದೆನೋವು ಇಲ್ಲದೆಯೂ ದವಡೆ ನೋವು, ಬೆನ್ನುನೋವು, ವಾಕರಿಕೆ, ತಣ್ಣನೆಯ ಬೆವರು ಕಾಣಬಹುದು. ವಾಯುವೆಂದು ಕಷಾಯ ಕುಡಿಸುತ್ತ ಹೊತ್ತು ಕಳೆಯದೆ ಕೂಡಲೆ 108ಕ್ಕೆ ಕರೆ ಮಾಡತಕ್ಕದ್ದು.

ಕೊಳೆರೋಗ ಬರುವ ಮೊದಲೇ ಬೋರ್ಡೋ ಸಿಂಪಡಿಸುವ ನಾವು, ಮನೆಯ ತಾಯಿಯ ವಿಷಯದಲ್ಲಿ ಕಾದು ನೋಡಬಾರದು.