ಕಿರುಅಲೆಗಳಲ್ಲಿ ಗಾಳಿಯ ಗುರುತು

ಮೈಸೂರಿನ ಲಷ್ಕರ್ ಮೊಹಲ್ಲಾಕ್ಕೂ ಅರಬ್ಬೀ ಸಮುದ್ರಕ್ಕೂ ನಡುವೆ ಪಶ್ಚಿಮ ಘಟ್ಟಗಳ ಸಾಲೇ ಇದ್ದರೂ, ಆ ನಗರಕ್ಕೆ ನೀರುಣಿಸುವ ಕಾವೇರಿ ಮತ್ತು ಕಬಿನಿ ಮುಂಗಾರಿನಲ್ಲಿ ಮೈದುಂಬುವುದು ಆ ಕಡಲಿನ ಮೇಲಿಂದ ಬೀಸಿ ಬರುವ ತೇವದ ಗಾಳಿಯಿಂದಲೇ. ವಿಶಾಲ ಕಡಲಿನ ಮೇಲಣ ಈ ಗಾಳಿಯ ವೇಗವನ್ನೂ ದಿಕ್ಕನ್ನೂ ತಿಳಿಯಲು ಉಪಗ್ರಹಗಳಲ್ಲಿ ಇರಿಸುವ ವಿಶೇಷ ರಾಡಾರಿಗೆ ಸ್ಕ್ಯಾಟರೋಮೀಟರ್ ಎಂದು ಹೆಸರು. ಅದು ನೇರವಾಗಿ ಗಮನಿಸುವುದು ಗಾಳಿ ಎಬ್ಬಿಸಿದ ಅಲೆಗಳನ್ನೇ ಹೊರತು ಗಾಳಿಯನ್ನಲ್ಲ.

ರೇಡಿಯೊ ತರಂಗಗಳನ್ನು ಹೊಮ್ಮಿಸಿ, ಎದುರಿನ ವಸ್ತುವಿಗೆ ತಾಗಿ ಮರಳಿದ ಅಂಶವನ್ನು ಗ್ರಹಿಸುವ ಉಪಕರಣವೇ ರಾಡಾರ್. ಉಪ್ಪುನೀರು ಉತ್ತಮ ವಿದ್ಯುದ್ವಾಹಕವಾದ್ದರಿಂದ ಈ ತರಂಗಗಳು ಅದರ ಆಳಕ್ಕೆ ಇಳಿಯದೆ ಮೇಲ್ಮೈಯಿಂದಲೇ ಹಿಂದಿರುಗುತ್ತವೆ. ನಿಶ್ಚಲವಾದ ನೀರಿನ ಮೇಲೆ ಓರೆಯಾಗಿ ಬಿದ್ದ ತರಂಗಗಳು, ಕನ್ನಡಿಗೆ ಬಿದ್ದ ಬೆಳಕಿನಂತೆ ಆಚೆ ದಿಕ್ಕಿಗೆ ಪುಟಿದುಹೋಗುವುದರಿಂದ ಆಂಟೆನಾಕ್ಕೆ ಮರಳುವುದು ಅತ್ಯಲ್ಪ. ಗಾಳಿ ಬೀಸಿ ಮೇಲ್ಮೈ ಒರಟಾದಾಗ ತರಂಗಗಳು ಎಲ್ಲ ದಿಕ್ಕಿಗೂ ಚದುರಿ, ಅವುಗಳಲ್ಲಿ ಒಂದಂಶ ಬಂದ ದಾರಿಯಲ್ಲೇ ಹಿಂದಿರುಗುತ್ತದೆ.

ಈ ಚದುರುವಿಕೆಯಲ್ಲಿ ಮುಖ್ಯ ಪಾತ್ರ ದೊಡ್ಡ ತೆರೆಗಳದ್ದಲ್ಲ, ಕಿರುಅಲೆಗಳದ್ದು. 2009ರ ಸೆಪ್ಟೆಂಬರ್ 23ರಂದು ಇಸ್ರೊ ಹಾರಿಸಿದ ಓಷನ್‌ಸ್ಯಾಟ್-2ರ ರಾಡಾರ್ 13.5 ಗಿಗಾಹರ್ಟ್ಸ್ ಆವರ್ತನದಲ್ಲಿ, ಎಂದರೆ ಸುಮಾರು 2.2 ಸೆಂಟಿಮೀಟರ್ ಉದ್ದದ ತರಂಗಗಳಿಂದ ಕೆಲಸ ಮಾಡುತ್ತಿತ್ತು. ಅದರ ಕಿರಣ ಬೀಳುವ ಓರೆಗೆ ಹೊಂದುವಂತೆ ಸುಮಾರು ಒಂದೂವರೆ ಸೆಂಟಿಮೀಟರ್ ಅಂತರದಲ್ಲಿ ಸಾಲುಗಟ್ಟಿದ ಕಿರುಅಲೆಗಳಿಂದ ಮರಳುವ ತರಂಗಗಳು ಒಂದಕ್ಕೊಂದು ಕೂಡಿಕೊಂಡು ಪ್ರಬಲವಾಗುತ್ತವೆ. ಹರಳುಗಳಲ್ಲಿ ಎಕ್ಸ್‌-ಕಿರಣಗಳ ಇಂಥದೇ ವರ್ತನೆಯನ್ನು ವಿವರಿಸಿ 1915ರಲ್ಲಿ ನೊಬೆಲ್ ಪಡೆದ ಬ್ರ್ಯಾಗ್ ತಂದೆ-ಮಗನ ಹೆಸರಿನಿಂದ ಇದನ್ನು ಬ್ರ್ಯಾಗ್ ಚದುರುವಿಕೆ ಎನ್ನುತ್ತಾರೆ. ಗಾಳಿ ಬಲವಾದಷ್ಟೂ ಮರುದನಿ ಹೆಚ್ಚುವುದರಿಂದ ವೇಗ ತಿಳಿಯುತ್ತದೆ. ಗಾಳಿ ಬೀಸುವ ಗೆರೆಯಲ್ಲಿ ನೋಡಿದಾಗ ಮರುದನಿ ಹೆಚ್ಚಾಗಿಯೂ ಅಡ್ಡಲಾಗಿ ನೋಡಿದಾಗ ಕಡಿಮೆಯಾಗಿಯೂ ಇರುವುದರಿಂದ, ತಿರುಗುವ ಆಂಟೆನಾ ಒಂದೇ ಜಾಗವನ್ನು ಹಲವು ದಿಕ್ಕುಗಳಿಂದ ನೋಡಿ ಗಾಳಿಯ ದಿಕ್ಕನ್ನೂ ಒದಗಿಸುತ್ತದೆ.

ಜೋರು ಮಳೆಯ ಹನಿಗಳು ಈ ಅಳತೆಯನ್ನು ಕೆಡಿಸುತ್ತವೆ. ಕಡಲಿನಲ್ಲಿ ಚೆಲ್ಲಿದ ಎಣ್ಣೆ ಕಿರುಅಲೆಗಳನ್ನು ಅಡಗಿಸುವುದರಿಂದ ರಾಡಾರ್ ಚಿತ್ರದಲ್ಲಿ ಆ ಭಾಗ ಕಪ್ಪಾಗಿ ಕಾಣುತ್ತದೆ. ಕಾರವಾರದಿಂದ ಮಂಗಳೂರಿನವರೆಗಿನ ಕಡಲಿನಲ್ಲಿ ಸಾಗುವ ಹಡಗಿನ ರಾಡಾರಿಗೆ ಇದೇ ಮರುದನಿ ತೊಡಕು, ಏಕೆಂದರೆ ಸಣ್ಣ ಮೀನುಗಾರಿಕಾ ದೋಣಿಯ ಗುರುತು ಅದರಲ್ಲಿ ಮುಳುಗಿಹೋಗಬಹುದು. ಹವಾಮಾನ ತಜ್ಞರಿಗಾದರೋ ಅದೇ ಮಾಹಿತಿ.

ಓಷನ್‌ಸ್ಯಾಟ್-2ರ ಸ್ಕ್ಯಾಟರೋಮೀಟರ್ 2014ರಲ್ಲಿ ನಿಂತ ಮೇಲೆ, 2016ರ ಸೆಪ್ಟೆಂಬರ್ 26ರಂದು ಸ್ಕ್ಯಾಟ್‌ಸ್ಯಾಟ್-1 ಹಾರುವವರೆಗೆ ದೇಶಕ್ಕೆ ಈ ಬಗೆಯ ಸ್ವಂತ ಉಪಕರಣವಿರಲಿಲ್ಲ. 2022ರ ನವೆಂಬರ್ 26ರಂದು ಇಒಎಸ್-06 ಅದೇ ಕೆಲಸಕ್ಕೆ ಕಕ್ಷೆ ಸೇರಿತು. ಮೀನುಗಾರನ ಜೀವವೂ ಕಾವೇರಿ ಕಣಿವೆಯ ಬೆಳೆಯೂ ಕಡಲ ಗಾಳಿಯನ್ನು ನೆಚ್ಚಿರುವಾಗ, ಒಂದು ಉಪಗ್ರಹದ ಆಯುಸ್ಸು ಮುಗಿಯುವ ಮುನ್ನವೇ ಮತ್ತೊಂದು ಸಿದ್ಧವಾಗಿರಬೇಕಾದದ್ದು ಅತ್ಯಗತ್ಯ.